ಕಾವೇರಿ ಚಾರ್ಟ್‌ನಲ್ಲಿ ರಂಗನತಿಟ್ಟನ್ನು ಹೇಗೆ ತೋರಿಸೋದು?

ಕುವೆಂಪುನಗರದ ಅಪ್ಪ:
ಮಗಳು ಏಳನೇ ಕ್ಲಾಸು. ತಲಕಾವೇರಿಯಿಂದ ಸಮುದ್ರದವರೆಗೆ ಕಾವೇರಿಯ ಚಾರ್ಟ್ ಬರೆಯಬೇಕಂತೆ. ದಾರಿಯಲ್ಲಿ ಬರುವ ರಾಮ್ಸಾರ್ ಜಾಗಗಳನ್ನೂ, ಅಂದ್ರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿರೋವನ್ನೂ, ಗುರುತಿಸಬೇಕಂತೆ. ಭಾಗಮಂಡಲ, ಕುಶಾಲನಗರ, ಕನ್ನಂಬಾಡಿ, ಶಿವನಸಮುದ್ರ, ಮೆಟ್ಟೂರು ಎಲ್ಲಾ ಆಯ್ತು. ರಂಗನತಿಟ್ಟಿಗೆ ಬಂದಾಗ ಅವಳು ಪೆನ್ಸಿಲ್ ಕೆಳಗಿಟ್ಟಳು. "ಅಲ್ಲಿ ಕೆಸರೇ ಇಲ್ವಲ್ಲಪ್ಪ. ಬಂಡೆ, ಮರ, ಹೊಳೆ ಅಷ್ಟೇ. ಅದು ಜೌಗು ಹೇಗಾಗುತ್ತೆ?" ಗೊತ್ತಿದ್ದವರು ಹೇಳಿ.

ಪಾಲಹಳ್ಳಿಯವನು:
ಮಗು ಕೇಳಿದ್ದು ಸರಿಯಾಗೇ ಇದೆ. ಆದರೆ ರಾಮ್ಸಾರ್ ಲೆಕ್ಕದಲ್ಲಿ ಕೆಸರೇ ಇರಬೇಕು ಅಂತೇನಿಲ್ಲ. ಹರಿಯುವ ಹೊಳೆ, ಕೆರೆ, ಜನ ಕಟ್ಟಿದ ಕಟ್ಟೆಯ ಹಿನ್ನೀರು ಎಲ್ಲಾ ಬರುತ್ತೆ. ರಂಗನತಿಟ್ಟು 2022ರಲ್ಲಿ ಸೇರಿತು, ಕರ್ನಾಟಕದಿಂದ ಅದೇ ಮೊದಲು.

ಸುಮ್ನೆ ಒಂದು ಕೊಕ್ಕರೆ ಚಿತ್ರ ಅಂಟಿಸಿ ಬಿಡಬೇಡಿ ಸಾರ್. ಈ ತಿಟ್ಟುಗಳು, ಅಂದ್ರೆ ಹೊಳೆ ನಡುವಿನ ಪುಟ್ಟ ನಡುಗಡ್ಡೆಗಳು, 17ನೇ ಶತಮಾನದಲ್ಲಿ, ಒಡೆಯರ ಕಾಲದಲ್ಲಿ, ಹೊಳೆಗೆ ಅಡ್ಡ ಹಾಕಿದ ಕಟ್ಟೆಯಿಂದ ಆದವು. ಹಕ್ಕಿಗಳಿಗೆ ಅಂತ ಯಾರೂ ಕಟ್ಟಿದ್ದಲ್ಲ. ಸುತ್ತ ನೀರು ನಿಂತಿತು, ನಾಯಿ ನರಿ ದಾಟೋದು ಕಷ್ಟವಾಯಿತು, ಹಕ್ಕಿಗಳು ನೆಲೆ ನಿಂತವು. ಪಕ್ಷಿತಜ್ಞ ಸಲೀಂ ಅಲಿ ಬಂದು ನೋಡಿ ಮಹಾರಾಜರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು.

ಈಗ ತಲೆ ಮೇಲೆ ಕನ್ನಂಬಾಡಿ ಅಣೆಕಟ್ಟು (ಕೆಆರ್‌ಎಸ್) ಇದೆ. ಮಳೆಗಾಲದಲ್ಲಿ ಗೇಟು ಎತ್ತಿದರೆ ಮೊದಲು ಮುಳುಗೋದು ಮೊಸಳೆ ಬಾಯಿ ತೆರೆದು ಬಿಸಿಲು ಕಾಯಿಸುವ ಬಂಡೆಗಳು. ಆಮೇಲೆ ಪೊದೆಗಳು, ಅದರಲ್ಲಿರುವ ತಗ್ಗಿನ ಗೂಡುಗಳು. ಹೊಳೆಮತ್ತಿಯ ಮೇಲಿನ ಕೊಂಬೆಯಲ್ಲಿದ್ದವು ಬಚಾವ್. ದೋಣಿ ನಿಲ್ಲಿಸುತ್ತಾರೆ, ಊರವರು ದಡದಲ್ಲಿ ನಿಂತು ನೋಡ್ತೀವಿ. ಹಾಗಾಗಿ ಚಾರ್ಟ್‌ನಲ್ಲಿ ಅಣೆಕಟ್ಟಿನಿಂದ ತಿಟ್ಟಿಗೆ ಒಂದು ಬಾಣ ಎಳೆಯಲಿ. ಗೇಟಿನ ಸುದ್ದಿ ಬಿಟ್ಟು ರಂಗನತಿಟ್ಟಿನ ಕಥೆ ಹೇಳೋಕಾಗಲ್ಲ.

ಮಂಡ್ಯ ಮೇಷ್ಟ್ರು:
ಕೊನೆ ಭಾಗವನ್ನೂ ನೋಡಿಕೊಳ್ಳಿ. ಮಕ್ಕಳು ಒಂದೇ ಗೆರೆ ಎಳೆದು ಪೂಂಪುಹಾರ್ ಅಂತ ಬರೆದುಬಿಡ್ತಾರೆ. ತಿರುಚ್ಚಿಗೆ ಮುಂಚೆಯೇ, ಮುಕ್ಕೊಂಬಿನಲ್ಲಿ, ಹೊಳೆ ಎರಡಾಗುತ್ತೆ. ಉತ್ತರದ ಕವಲು ಕೊಳ್ಳಿಡಂ. ನೆರೆ ಬಂದಾಗ ಜಾಸ್ತಿ ನೀರು ಹೋಗೋದು ಅದರಲ್ಲೇ. ಕಾವೇರಿ ಅನ್ನೋ ಹೆಸರು ಉಳಿಸಿಕೊಂಡ ಕವಲು ಕಲ್ಲಣೆ ಅನ್ನೋ ಹಳೇ ಅಣೆಕಟ್ಟು ದಾಟಿ, ತಂಜಾವೂರು ಕಡೆಯ ಗದ್ದೆಗಳಿಗೆಲ್ಲಾ ಹಂಚಿಹೋಗಿ, ಪೂಂಪುಹಾರ್ ಹೊತ್ತಿಗೆ ಬಡಕಲಾಗಿರುತ್ತೆ. ನಿಮ್ಮ ಮಗಳು ಹುಡುಕ್ತಿರೋ ಕೆಸರು ಕೊಳ್ಳಿಡಂ ಅಳಿವೆಯ ಪಕ್ಕ, ಪಿಚ್ಚಾವರಂನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿದೆ. ಅದೂ 2022ರಲ್ಲೇ ಪಟ್ಟಿಗೆ ಬಂತು. ಮುಖಜಭೂಮಿಯ ದಕ್ಷಿಣ ತುದಿಯ ಕೋಡಿಕ್ಕರೈ 2002ರಿಂದಲೇ ಇದೆ.

ಕುವೆಂಪುನಗರದ ಅಪ್ಪ:
ಬಾಣ ಎಳೆದಾಯ್ತು, ಕವಲೂ ಆಯ್ತು. ಕೊಕ್ಕರೆ ಬೆಳ್ಳೂರನ್ನೂ ಹಾಕಬೇಕು ಅಂತ ಹಟ ಹಿಡಿದಿದ್ದಾಳೆ. ಹಾಕಬಹುದಾ?

ಮಂಡ್ಯ ಮೇಷ್ಟ್ರು:
ಹಾಕಲಿ, ಆದರೆ ಬೇರೆ ಬಣ್ಣದಲ್ಲಿ. ಅದು ರಾಮ್ಸಾರ್ ಅಲ್ಲ, ಕಾವೇರಿ ದಡವೂ ಅಲ್ಲ, ಮದ್ದೂರು ತಾಲ್ಲೂಕಿನ ಶಿಂಷಾ ಕಡೆಯದು. ಅಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಹುಣಸೆ ಮರದಲ್ಲೇ ಗೂಡು ಕಟ್ಟೋದು. ಶಿಂಷಾ ಕಾವೇರಿಗೆ ಸೇರೋದು ಶಿವನಸಮುದ್ರದಿಂದ ಕೆಳಗೆ. ಗೆರೆ ಅಲ್ಲಿಗೇ ಕೂಡಿಸಿ.