ಕೇರಳ ಲಾಟರಿ ಬೆಂಗಳೂರಲ್ಲಿ ಕೂತು ತಗೋಬಹುದಾ?

ಪ್ರಶ್ನೆ: ವಾಟ್ಸಾಪ್ ಗ್ರೂಪಲ್ಲಿ ಒಬ್ಬ ಓಣಂ ಬಂಪರ್ (ಓಣಂ ಹಬ್ಬಕ್ಕೆ ಕೇರಳ ಬಿಡೋ ದೊಡ್ಡ ಬಹುಮಾನದ ಲಾಟರಿ) ಟಿಕೆಟ್ ಫೋಟೋ ಹಾಕಿ, 500 ರೂಪಾಯಿ ಫೋನ್‌ಪೇ ಮಾಡಿ ನಂಬರ್ ಬುಕ್ ಮಾಡ್ತೀನಿ ಅಂತಿದಾನೆ, ನಮ್ಮಲ್ಲಿ ಲಾಟರಿ ಬಂದ್ ಅಲ್ವಾ, ಪಕ್ಕದಲ್ಲಿ ಸರ್ಕಾರನೇ ಮಾರುತ್ತೆ, ಇದೇನ್ ಲೆಕ್ಕ ಗುರು?

ಉತ್ತರ 1: ಕಳಿಸ್ಬೇಡಿ ಸಾರ್. 1998ರ ಕೇಂದ್ರ ಕಾಯ್ದೆ ಪ್ರಕಾರ ಲಾಟರಿ ನಡೆಸೋದು, ಬಿಡೋದು ಆಯಾ ರಾಜ್ಯಕ್ಕೆ ಬಿಟ್ಟಿದ್ದು. ಕರ್ನಾಟಕ 2007ರಲ್ಲಿ ನಿಲ್ಲಿಸ್ತು, ಕೇರಳದಲ್ಲಿ 1967ರಿಂದ ಅದಕ್ಕೇ ಅಂತ ಇಲಾಖೆನೇ ಇದೆ. ಅಲ್ಲಿ ಆನ್‌ಲೈನ್ ಮಾರಾಟನೇ ಇಲ್ಲ, ಪೇಪರ್ ಟಿಕೆಟ್ ಮಾತ್ರ, ಗೆದ್ರೂ ಒರಿಜಿನಲ್ ಟಿಕೆಟ್ ಹಿಂದೆ ಸೈನ್ ಹಾಕಿ ಕೊಡ್ಬೇಕು, ಫೋಟೋ ಇಟ್ಕೊಂಡು ಏನ್ ಮಾಡ್ತೀರಾ.

ಉತ್ತರ 2: ಗೆದ್ದೋರಿಗೂ ಪೂರ್ತಿ ಸಿಗಲ್ಲ ಬಿಡಿ. 1 ಕೋಟಿ ಬಂದ್ರೆ ಏಜೆಂಟ್ ಕಮಿಷನ್ 10% ಹೋಗತ್ತೆ, ಉಳಿದಿದ್ರಲ್ಲಿ 30% ಟ್ಯಾಕ್ಸ್, ಮೇಲೆ ಸರ್‌ಚಾರ್ಜು ಸೆಸ್ಸು. ಬ್ರಿಟನ್‌ನಲ್ಲಿ ಗೆದ್ದ ದುಡ್ಡಿಗೆ ಟ್ಯಾಕ್ಸೇ ಇಲ್ಲ, ಅಲ್ಲಿ ಲೈಸೆನ್ಸ್ ತಗೊಂಡ ಪ್ರೈವೇಟ್ ಕಂಪನಿ ನಡೆಸತ್ತೆ, ಗ್ಯಾಂಬ್ಲಿಂಗ್ ಕಮಿಷನ್ ಅನ್ನೋ ನಿಗಾ ಸಂಸ್ಥೆ ಕಣ್ಣಿಟ್ಟಿರತ್ತೆ.

ಉತ್ತರ 3: ಸ್ಪೇನ್‌ದು ಮಜಾ ಇದೆ, ಡಿಸೆಂಬರ್ 22ಕ್ಕೆ ಕ್ರಿಸ್‌ಮಸ್ ಲಾಟರಿ ಡ್ರಾದಲ್ಲಿ ಸ್ಕೂಲ್ ಮಕ್ಕಳು ನಂಬರನ್ನ ರಾಗವಾಗಿ ಹಾಡ್ತಾರೆ, ಟಿವಿ ಮುಂದೆ ಇಡೀ ದೇಶ. ಅಮೆರಿಕದ ಪವರ್‌ಬಾಲ್ ಲಾಟರಿ ಜಾಕ್‌ಪಾಟ್ ಹೊಡಿಯೋ ಚಾನ್ಸು ಸುಮಾರು 29 ಕೋಟಿಗೆ ಒಂದು 😂

ಉತ್ತರ 4: ಬಂದ್ ಆಗಿದ್ದೇ ಒಳ್ಳೇದಾಯ್ತು, ಮೆಜೆಸ್ಟಿಕ್ ಕಡೆ ಲಾಟರಿ ಅಂಗಡಿ ಮುಂದೆ ಕೂಲಿ ದುಡ್ಡೆಲ್ಲ ಸುರಿದು ಬರಿಗೈಲಿ ಮನೆಗೆ ಹೋಗೋರನ್ನ ನೋಡಿದೀನಿ. ಆಸೆ ಇದ್ರೆ ವಯನಾಡಿಗೆ ಹೋದಾಗ ಅಂಗಡೀಲೇ ತಗೊಳ್ಳಿ.