ಮಿನಿಯೇಚರ್‌ಗಳ ಮುಖ ಬಣ್ಣದಲ್ಲಿ ಮುಚ್ಚಿಹೋಗುತ್ತಿದೆ, ಎಲ್ಲಿ ತಪ್ಪುತ್ತಿದ್ದೇನೆ?

ಹೊಸಕುಂಚ: 28 ಎಂಎಂ ಅಳತೆಯ ಪುಟ್ಟ ಸೈನಿಕ ಬೊಂಬೆಗಳ ಒಂದು ಸೆಟ್‌ಗೆ ಬಣ್ಣ ಹಚ್ಚುತ್ತಿದ್ದೇನೆ. ಹತ್ತರಲ್ಲಿ ಐದು ಮುಗಿದಿವೆ. ಆಟದ ಮೇಜಿನ ಮೇಲೆ ಚೆನ್ನಾಗೇ ಕಾಣುತ್ತವೆ, ಆದರೆ ಕೈಗೆತ್ತಿಕೊಂಡು ನೋಡಿದರೆ ಕಣ್ಣು, ತುಟಿ, ಬೆರಳ ಸಂದು ಎಲ್ಲದರಲ್ಲೂ ಬಣ್ಣ ತುಂಬಿಕೊಂಡು ಗೆರೆಗಳೇ ಕಾಣುತ್ತಿಲ್ಲ. ಒಬ್ಬನ ಮೇಲಂಗಿ ಮುಟ್ಟಿದರೆ ಮರಳು ಕಾಗದದ ಹಾಗೆ ತರಿತರಿ. ಅಕ್ರಿಲಿಕ್ ಬಣ್ಣ, ಡಬ್ಬಿಯಿಂದ ನೇರವಾಗಿ, 000 ನಂಬರ್‌ನ ತೀರಾ ಸಣ್ಣ ಬ್ರಶ್‌ನಲ್ಲಿ. ಉಳಿದ ಐದನ್ನಾದರೂ ಸರಿಯಾಗಿ ಮಾಡಬೇಕು ಅಂತ ತುಂಬಾ ಆಸೆ.

ತೆಳುಪದರ: ಬಣ್ಣಕ್ಕೆ ನೀರು ಬೆರೆಸಿ. ಹಾಲಿನಷ್ಟು ತೆಳುವಾಗಿರಲಿ. ಮೊದಲ ಕೋಟ್‌ನಲ್ಲಿ ಕೆಳಗಿನದು ಕಾಣುತ್ತದೆ, ಅಲ್ಲಿ ಗಾಬರಿಯಾಗಿ ಮೇಲೆ ಮೇಲೆ ತೀಡಬೇಡಿ, ಪೂರ್ತಿ ಒಣಗಿದ ಮೇಲೆ ಇನ್ನೊಂದು ಕೋಟ್ ಕೊಡಿ. ಹಳದಿ, ಬಿಳಿಗೆ ಮೂರು ನಾಲ್ಕು ಬೇಕಾಗಬಹುದು. ಬ್ರಶ್ ಅದ್ದಿದ ಮೇಲೆ ಒಮ್ಮೆ ಟಿಶ್ಯೂಗೆ ತಾಗಿಸಿ, ಇಲ್ಲದಿದ್ದರೆ ತೆಳು ಬಣ್ಣ ಹರಿದು ಸಂದಿಗಳಲ್ಲಿ ನಿಲ್ಲುತ್ತದೆ. ಮುಚ್ಚಳವಿರುವ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬೇಕಿಂಗ್ ಪೇಪರ್ ಹಾಸಿದರೆ ಬೆರೆಸಿದ ಬಣ್ಣ ಗಂಟೆಗಟ್ಟಲೆ ಒಣಗುವುದಿಲ್ಲ.

ಹಳೇಬ್ರಶ್: ತರಿತರಿ ಆಗಿದ್ದು ಪ್ರೈಮರ್‌ನಿಂದ, ಅಂದರೆ ಬಣ್ಣಕ್ಕೆ ಮೊದಲು ಹೊಡೆಯುವ ತಳದ ಕೋಟ್‌ನಿಂದ ಇರಬೇಕು. ಸ್ಪ್ರೇ ತುಂಬಾ ದೂರದಿಂದ ಹೊಡೆದರೆ, ಅಥವಾ ಬಿಸಿಲು ಜೋರಿದ್ದರೆ, ಬಣ್ಣ ಗಾಳಿಯಲ್ಲೇ ಒಣಗಿ ಪುಡಿಯಾಗಿ ಬೀಳುತ್ತದೆ. ಕ್ಯಾನ್ ಚೆನ್ನಾಗಿ ಅಲುಗಾಡಿಸಿ, 20–30 ಸೆಂಮೀ ದೂರದಿಂದ ಸ್ವಲ್ಪ ಸ್ವಲ್ಪವೇ ಹೊಡೆಯಿರಿ. ಇನ್ನು ಆ 000 ಬ್ರಶ್ ಬದಿಗಿಡಿ! ಅದರ ಕೂದಲು ಹಿಡಿಯುವುದೇ ಒಂದು ಚೂರು ಬಣ್ಣ, ಮುಖಕ್ಕೆ ತಾಗುವಷ್ಟರಲ್ಲಿ ತುದಿಯಲ್ಲೇ ಒಣಗಿರುತ್ತದೆ. ಮೊನೆ ಚೂಪಾಗಿರುವ 1 ಅಥವಾ 2 ನಂಬರ್ ಸಾಕು, ಕಣ್ಣಿಗೂ ಅದೇ. ಕೂದಲಿನ ಬುಡದ ಲೋಹದವರೆಗೆ ಬಣ್ಣ ಏರದಂತೆ ಮಾತ್ರ ನೋಡಿಕೊಳ್ಳಿ.

ಹೊಸಕುಂಚ: ಅಯ್ಯೋ, ಸಣ್ಣ ಬ್ರಶ್ ಇದ್ದರೇನೇ ಸಣ್ಣ ಕೆಲಸ ಆಗೋದು ಅಂದುಕೊಂಡಿದ್ದೆ. ಮುಖಕ್ಕೆ ಯಾವ ಕ್ರಮ?

ನೆರಳುಬೆಳಕು: ನಾನು ಕಣ್ಣು ಮೊದಲು ಮಾಡುತ್ತೇನೆ. ಬಿಳಿ ಆಚೆ ಹೋದರೂ ಆಮೇಲೆ ಚರ್ಮದ ಬಣ್ಣದಲ್ಲಿ ತಿದ್ದಬಹುದು. ಚರ್ಮದ ಬಣ್ಣ ಒಣಗಿದ ಮೇಲೆ ಕಂದು ವಾಶ್ (ನೆರಳಿಗೆಂದು ಹಚ್ಚುವ, ನೀರಿನಂತೆ ತೆಳುವಾದ ಬಣ್ಣ), ಕಣ್ಣಿನ ಮೇಲೆ ಹರಿಯದಂತೆ. ಅದು ತಾನಾಗಿಯೇ ಕಣ್ಣಿನ ಗುಳಿಗೆ, ಮೂಗಿನ ಪಕ್ಕಕ್ಕೆ, ತುಟಿಯ ಸಂದಿಗೆ ಇಳಿಯುತ್ತದೆ. ಗಲ್ಲದ ಕೆಳಗೆ ಹನಿ ನಿಂತರೆ ಒಣ ಬ್ರಶ್‌ನಿಂದ ಹೀರಿಕೊಳ್ಳಿ, ಬಿಟ್ಟರೆ ಕಲೆಯಾಗುತ್ತದೆ. ಪೂರ್ತಿ ಒಣಗಲಿ. ಆಮೇಲೆ ಅದೇ ಚರ್ಮದ ಬಣ್ಣವನ್ನು ಮೂಗಿನ ತುದಿ, ಕೆನ್ನೆಯ ಮೂಳೆ, ಗಲ್ಲ, ಹುಬ್ಬಿನ ಮೇಲೆ ಮಾತ್ರ ಹಚ್ಚಿ, ಕಡೆಗೆ ಸ್ವಲ್ಪ ತಿಳಿ ಮಾಡಿ ಮೂಗಿಗೆ ಒಂದು ಚುಕ್ಕೆ. ಆ ಚುಕ್ಕೆ ಬಿದ್ದ ಕ್ಷಣ ಬೊಂಬೆಗೆ ಜೀವ ಬರುತ್ತದೆ, ನಂಗೆ ಈ ಹವ್ಯಾಸ ಹತ್ತಿದ್ದೇ ಅದರಿಂದ.

ಹೊಸಕುಂಚ: ಆರನೆಯವನನ್ನು ಮುಗಿಸಿದೆ. ಮೂರು ತೆಳು ಕೋಟ್, 1 ನಂಬರ್ ಬ್ರಶ್, ವಾಶ್. ಎರಡು ತುಟಿಗಳ ನಡುವಿನ ಗೆರೆ ಕಾಣುತ್ತಿದೆ! ಎಡಗಣ್ಣು ಇನ್ನೂ ಸ್ವಲ್ಪ ಸೊಟ್ಟ, ನಾಳೆ ತಿದ್ದುತ್ತೇನೆ.