ಎರಡು ಸಾಗರಕ್ಕೆ ನೀರು ಪಾಲಾಗುವ ಮಿಲ್ನರ್ ಪಾಸ್: ನೋಡಿ ಬಂದವರು ಹೇಳಿ

ಜುಲೈನಲ್ಲಿ ಅಪ್ಪ ಅಮ್ಮನ ಜೊತೆ ಅಮೆರಿಕದ ಕೊಲೊರಾಡೋದ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ಗೆ ಹೋಗುತ್ತಿದ್ದೇವೆ. ಎಸ್ಟೆಸ್ ಪಾರ್ಕ್ ಕಡೆಯಿಂದ ಹತ್ತಿ ಗ್ರ್ಯಾಂಡ್ ಲೇಕ್‌ಗೆ ಇಳಿಯುವ ಯೋಚನೆ. ಅಪ್ಪನಿಗೆ ಕಾಂಟಿನೆಂಟಲ್ ಡಿವೈಡ್, ಅಂದರೆ ನೀರು ಒಂದು ಕಡೆ ಅಟ್ಲಾಂಟಿಕ್‌ಗೆ, ಇನ್ನೊಂದು ಕಡೆ ಪೆಸಿಫಿಕ್‌ಗೆ ಪಾಲಾಗುವ ಏಣು, ನೋಡಲೇಬೇಕಂತೆ. ಅದು ರಸ್ತೆಯ ತುತ್ತತುದಿಯಲ್ಲೇ ಇದೆಯಾ?

— ಇಲ್ಲ, ಎಲ್ಲರೂ ಏಮಾರುವುದು ಅಲ್ಲೇ. ನೀವು ಹೋಗುವ ಆ ರಸ್ತೆ, ಟ್ರೇಲ್ ರಿಡ್ಜ್ ರೋಡ್‌ನ ಅತಿ ಎತ್ತರದ ಜಾಗ 12,183 ಅಡಿ. ಒಂದೂ ಮರ ಇಲ್ಲ, ಗಾಳಿ ಜೋರು, ಸುತ್ತ ಶಿಖರಗಳು, ಹಾಗಾಗಿ ಇದೇ ಡಿವೈಡ್ ಇರಬೇಕು ಅಂತ ಫೋಟೋ ತೆಗೆದುಕೊಂಡು ಖುಷಿಪಡುತ್ತಾರೆ. ಆದರೆ ಅಲ್ಲಿ ರಸ್ತೆಯ ಯಾವ ಬದಿಗೆ ಮಳೆ ಬಿದ್ದರೂ ನೀರು ಅಟ್ಲಾಂಟಿಕ್ ಕಡೆಗೇ ಹೋಗುತ್ತದೆ. ಮುಂದೆ ಆಲ್ಪೈನ್ ವಿಸಿಟರ್ ಸೆಂಟರ್ ಇರುವ ಫಾಲ್ ರಿವರ್ ಪಾಸ್ ಕೂಡ ಅಷ್ಟೇ. ಹೆಸರಿಗೆ ಪಾಸ್ (ಬೆಟ್ಟದ ಏಣು ದಾಟುವ ತಗ್ಗು ಜಾಗ), ಆದರೆ ಎರಡೂ ಕಡೆಯ ಹೊಳೆ ಕೊನೆಗೆ ಸೌತ್ ಪ್ಲ್ಯಾಟ್ ನದಿಗೇ ಸೇರುತ್ತದೆ. ಅಲ್ಲಿಂದ ಸಾವಿರ ಅಡಿ ಕೆಳಗೆ *ಇಳಿದ* ಮೇಲೆ ಮಿಲ್ನರ್ ಪಾಸ್ ಸಿಗುತ್ತದೆ, 10,758 ಅಡಿ. ಡಿವೈಡ್ ದಾಟುವುದು ಅಲ್ಲಿ. ನೀರು ಪಾಲು ಮಾಡುವ ಏಣು ಎಲ್ಲ ಕಡೆ ಶಿಖರವಾಗಿಯೇ ಇರಬೇಕಿಲ್ಲ ಅಲ್ವಾ, ಇಲ್ಲಿ ಅದು ತಗ್ಗಿದೆ, ಅದಕ್ಕೇ ರಸ್ತೆ ಇಲ್ಲಿ ದಾಟುತ್ತದೆ.

— ನೋಡಲು ಭಾರೀ ದೃಶ್ಯ ಏನಿಲ್ಲ, ಅಪ್ಪನಿಗೆ ಮೊದಲೇ ಹೇಳಿಬಿಡಿ. ಕಾಡಿನ ನಡುವೆ ಒಂದು ಬೋರ್ಡ್, ಪಕ್ಕದಲ್ಲಿ ಪೂಡರ್ ಲೇಕ್ ಅನ್ನೋ ಪುಟ್ಟ ಕೆರೆ. ನನಗಂತೂ ಬೋರ್ಡ್‌ಗಿಂತ ಕೆರೆಯೇ ಇಷ್ಟ. ಅದರ ನೀರು ಕ್ಯಾಶ್ ಲ ಪೂಡರ್ ನದಿಯಾಗಿ ಮೊದಲು ಉತ್ತರಕ್ಕೆ ಹರಿದು, ಆಮೇಲೆ ಪೂರ್ವಕ್ಕೆ ತಿರುಗಿ, ಪ್ಲ್ಯಾಟ್, ಮಿಸೌರಿ, ಮಿಸಿಸಿಪ್ಪಿ ಅಂತ ಸುತ್ತಿಕೊಂಡು ಮೆಕ್ಸಿಕೋ ಕೊಲ್ಲಿಗೆ ಹೋಗುತ್ತದೆ. ಆಚೆ ಬದಿಯ ಬೀವರ್ ಕ್ರೀಕ್ ಸೇರುವುದು ಕೊಲೊರಾಡೋ ನದಿಗೆ. ಆ ನದಿಯ ದಾರಿ ಕ್ಯಾಲಿಫೋರ್ನಿಯಾ ಕೊಲ್ಲಿಯ ಕಡೆಗೆ, ಆದರೆ ಈಗ ಅದರ ನೀರು ಸಮುದ್ರ ಮುಟ್ಟುವುದೇ ಅಪರೂಪ, ದಾರಿಯಲ್ಲೇ ಹೊಲಕ್ಕೂ ಊರಿಗೂ ಎಳೆದುಕೊಳ್ಳುತ್ತಾರೆ.

— ದೊಡ್ಡವರು ಇದ್ದಾರೆ ಅಂದರೆ ಬೆಳಿಗ್ಗೆ ಬೇಗ ಹೊರಡಿ. ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಜಾಸ್ತಿ, ಮರವಿಲ್ಲದ ಬಯಲಲ್ಲಿ ನಿಲ್ಲಬಾರದು. ತಲೆನೋವು, ಏದುಸಿರು ಶುರುವಾದರೆ ಸುಮ್ನೆ ಕೆಳಗೆ ಇಳಿಯಿರಿ. ಪ್ರವೇಶಕ್ಕೆ ಮುಂಗಡ ಬುಕಿಂಗ್ ಬೇಕಾ ಅಂತ ಪಾರ್ಕ್‌ನ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.

ಮಿಲ್ನರ್ ದಾಟಿದ ಮೇಲೆ ಫಾರ್‌ವ್ಯೂ ಕರ್ವ್‌ನಲ್ಲೂ ಕಾರು ನಿಲ್ಲಿಸಿ. ಎದುರಿನ ನೆವರ್ ಸಮರ್ ಬೆಟ್ಟದ ಮೈಮೇಲೆ ಅಡ್ಡ ಗೆರೆ ಕಾಣುತ್ತದೆ. ಅದು ಗ್ರ್ಯಾಂಡ್ ಡಿಚ್ ಅನ್ನೋ ಕಾಲುವೆ, 1890ರಲ್ಲಿ ಅಗೆಯಲು ಶುರು ಮಾಡಿ 1936ರಲ್ಲಿ ಮುಗಿಸಿದ್ದು. ಪಶ್ಚಿಮಕ್ಕೆ ಹೋಗಬೇಕಾದ ನೀರನ್ನು ಲಾ ಪೂಡರ್ ಪಾಸ್ ದಾಟಿಸಿ ಪೂರ್ವದ ಹೊಲಗಳಿಗೆ ಕಳಿಸುತ್ತದೆ. ಬೈನಾಕ್ಯುಲರ್ ಇದ್ದರೆ ತಗೊಂಡು ಹೋಗಿ.